ಬೀದಿ ಮಕ್ಕಳ ಬಂಧು ಸಂತ ಡಾನ್ ಬೋಸ್ಕೊ

ಆಗಸ್ಟ್ 15 ಭಾರತದ ಕಥೋಲಿಕರಿಗೆ ಇಮ್ಮಡಿ ಸಂಭ್ರಮದ ದಿನ. ಒಂದೆಡೆ ಸ್ವರ್ಗಸ್ವೀಕೃತ ಮಾತೆ ಮರಿಯಮ್ಮನವರ ಮಹೋತ್ಸವ, ಇನ್ನೊಂದೆಡೆ ರಾಷ್ಟ್ರದ ಸ್ವಾತಂತ್ರ್ಯೋತ್ಸವ. ಬೆಳಗಿನ ಬಲಿಪೂಜೆ ಮುಗಿಯುತ್ತಲೇ ಇಗರ್ಜಿಯ ಅಂಗಳದಲ್ಲಿ ಧ್ವಜಾರೋಹಣ ನಡೆಯುವುದು, ಮಕ್ಕಳಿಗೆ ಮಿಠಾಯಿ ಹಂಚುವುದು ನಮ್ಮಲ್ಲಿ ರೂಢಿಯಾಗಿದೆ. ಇದರ ಮರುದಿನವೇ, ಅಂದರೆ ಆಗಸ್ಟ್ 16ರಂದು, ಸಂತ ಜಾನ್ ಬೋಸ್ಕೊ ಅವರ ಜನ್ಮದಿನ. ಸ್ವತಃ ಅವರು ತಾವು ಜನಿಸಿದುದು ಮಾತೆಯ ಹಬ್ಬದಂದೇ ಎಂದು ನಂಬಿದ್ದರು, ತಮ್ಮ ಸ್ಮರಣೆಗಳಲ್ಲಿಯೂ ಹಾಗೆಯೇ ಬರೆದಿಟ್ಟರು. ಒಂದು ದಿನದ ಆ ವ್ಯತ್ಯಾಸವನ್ನು ತಿದ್ದಿದುದು ಊರ ಇಗರ್ಜಿಯ ದೀಕ್ಷಾಸ್ನಾನದ ದಾಖಲೆ ಪುಸ್ತಕ.

ಅದೇ ಸ್ವಾತಂತ್ರ್ಯೋತ್ಸವದ ಬೆಳಿಗ್ಗೆ ನಗರಗಳ ವೃತ್ತಗಳಲ್ಲಿ, ಸಿಗ್ನಲ್ ದೀಪಗಳ ಬಳಿ ಕಾಗದದ ಬಾವುಟಗಳನ್ನು ಮಾರುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಉತ್ಸವದ ಬಾವುಟ ಅವರ ಕೈಯಲ್ಲಿರುತ್ತದೆ, ಉತ್ಸವ ಮಾತ್ರ ಅವರದಾಗಿರುವುದಿಲ್ಲ. ಇಂಥದೇ ಒಂದು ದಿನವನ್ನು ಡಾನ್ ಬೋಸ್ಕೊ ಅವರೂ ತಮ್ಮ ನಾಡಿನಲ್ಲಿ ಎದುರಿಸಬೇಕಾಯಿತು. ಆ ದಿನ ಅವರು ಕೈಗೊಂಡ ನಿರ್ಧಾರವನ್ನು ಅನೇಕರು ಮೆಚ್ಚಲಿಲ್ಲ. ಅವರ ಜೀವನವನ್ನು ಆ ದಿನದ ಹಿನ್ನೆಲೆಯಲ್ಲಿ ನೋಡುವುದು ಉಚಿತವೆಂದು ತೋರುತ್ತದೆ. ಇಟಲಿಯಲ್ಲಿ ಗುರುಗಳನ್ನು ಗೌರವದಿಂದ ಡಾನ್ ಎಂದು ಕರೆಯುವ ಪದ್ಧತಿಯಿದ್ದು, ಆ ಹೆಸರೇ ಅವರಿಗೆ ಲೋಕದಾದ್ಯಂತ ಉಳಿದುಕೊಂಡಿತು.

ಜಾನ್ ಬೋಸ್ಕೊ ಜನಿಸಿದುದು 1815ರಲ್ಲಿ, ಉತ್ತರ ಇಟಲಿಯ ಪೀಡ್‌ಮಾಂಟ್ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ರಾಜಧಾನಿ ಟೂರಿನ್ ನಗರ ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರ. ತಂದೆ ಫ್ರಾನ್ಸಿಸ್ ರೈತ. 1817ರಲ್ಲಿ ಅವರು ನ್ಯುಮೋನಿಯದಿಂದ ತೀರಿಕೊಂಡಾಗ ಜಾನ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ಅದೇ ವರ್ಷ ನಾಡಿಗೆ ಬರಗಾಲ ಬಡಿಯಿತು. ವಿಧವೆ ತಾಯಿ ಮಾರ್ಗರೀತ ಅತ್ತೆಯನ್ನೂ, ಮಲಮಗ ಆಂಟನಿಯನ್ನೂ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹುಡುಗರನ್ನೂ ಸಾಕುವ ಹೊಣೆ ಹೊತ್ತರು. ಓದುಬರಹ ಅರಿಯದ ಆ ತಾಯಿ ಮಕ್ಕಳಿಗೆ ಧರ್ಮೋಪದೇಶವನ್ನು ಬಾಯಿಪಾಠ ಮಾಡಿಸಿದರು. ಜಾನ್ ಓದಬೇಕೆಂದಾಗ ಹಿರಿಯ ಆಂಟನಿಗೆ ಅದು ಸಹನೆಯಾಗಲಿಲ್ಲ. ಹೊಲದಲ್ಲಿ ಗುದ್ದಲಿ ಹಿಡಿಯಬೇಕಾದ ಕೈ ಪುಸ್ತಕ ಹಿಡಿಯುವುದೇ ಎಂಬ ಜಗಳ ದಿನನಿತ್ಯದ್ದಾಯಿತು. ಮನೆಯಲ್ಲಿ ಶಾಂತಿ ಉಳಿಯಲೆಂದು ತಾಯಿಯೇ 1828ರ ಚಳಿಗಾಲದಲ್ಲಿ ಹನ್ನೆರಡು ವರ್ಷದ ಮಗನ ಕೈಗೆ ಬಟ್ಟೆಯ ಗಂಟು ಕೊಟ್ಟು ಕೂಲಿ ಹುಡುಕಲು ಕಳುಹಿಸಿದರು. ಮೊಲ್ಯಾ ಎಂಬ ರೈತ ಕುಟುಂಬದಲ್ಲಿ ಜಾನ್ ಒಂದೂವರೆ ವರ್ಷಕ್ಕೂ ಮಿಕ್ಕಿ ಜೀತದಾಳಿನಂತೆ ದುಡಿದ. ಮುಂದೆ ಸಾವಿರಾರು ಮಕ್ಕಳಿಗೆ ಆಶ್ರಯ ನೀಡಿದವರು ಮೊದಲು ಸ್ವತಃ ಬಾಲಕಾರ್ಮಿಕರಾಗಿದ್ದರು ಎಂಬುದನ್ನು ಅವರ ಪವಾಡಗಳನ್ನು ವರ್ಣಿಸುವ ಉತ್ಸಾಹದಲ್ಲಿ ನಾವು ಮರೆಯುವುದುಂಟು.

ಒಂಬತ್ತನೆಯ ವಯಸ್ಸಿನಲ್ಲಿ ಕಂಡ ಕನಸು, ಹಗ್ಗದ ಮೇಲೆ ನಡೆದು ಊರವರನ್ನು ರಂಜಿಸಿ ಕೊನೆಗೆ ಜಪಸರ ಹೇಳಿಸಿದ ಕಥೆ, ಇವೆಲ್ಲ ಓದುಗರಿಗೆ ತಿಳಿದಿರುವಂಥವೇ. ಕಿಯೆರಿ ಪಟ್ಟಣದಲ್ಲಿ ಓದುವಾಗ ಜಾನ್ ದರ್ಜಿಯ ಕೆಲಸ ಕಲಿತರು, ಕಾಫಿ ಅಂಗಡಿಯಲ್ಲಿ ದುಡಿದರು. ಅಲ್ಲಿಯೇ ಗುರುಮಠ ಸೇರಿ, 1841ರ ಜೂನ್ 5ರಂದು ಟೂರಿನ್‌ನಲ್ಲಿ ಗುರುದೀಕ್ಷೆ ಪಡೆದರು. ಶ್ರೀಮಂತರ ಮನೆಯಲ್ಲಿ ಮಕ್ಕಳ ಉಪಾಧ್ಯಾಯರಾಗುವ ಅವಕಾಶವಿದ್ದರೂ ಅದನ್ನು ಬದಿಗೊತ್ತಿ, ತಮ್ಮ ಆತ್ಮಿಕ ಮಾರ್ಗದರ್ಶಕ ವಂ. ಜೋಸೆಫ್ ಕಫಾಸೊ ಅವರ ಸಲಹೆಯಂತೆ ಟೂರಿನ್‌ನ ಗುರುಗಳ ಉನ್ನತಾಭ್ಯಾಸ ಕೇಂದ್ರವನ್ನು ಸೇರಿದರು.

ಆಗಿನ ಟೂರಿನ್ ಸಾರ್ಡಿನಿಯಾ ರಾಜ್ಯದ ರಾಜಧಾನಿ. ಅರಮನೆಗಳು, ಕಮಾನಿನ ಪಡಸಾಲೆಗಳಿರುವ ಅಗಲ ಬೀದಿಗಳು, ಲಕ್ಷ ಮೀರಿದ ಜನಸಂಖ್ಯೆ. ನಗರ ಬೆಳೆಯುತ್ತಿತ್ತು, ಎಲ್ಲೆಲ್ಲೂ ಹೊಸ ಕಟ್ಟಡಗಳೇಳುತ್ತಿದ್ದವು. ಕಲ್ಲು, ಇಟ್ಟಿಗೆ, ಗಾರೆಯನ್ನು ಏಣಿಯ ಮೇಲೆ ಹೊತ್ತೊಯ್ಯಲು ಹುಡುಗರು ಬೇಕಾಗಿದ್ದರು. ಹಳ್ಳಿಗಳಲ್ಲಿ ಹೊಟ್ಟೆಗಿಲ್ಲದ ಕುಟುಂಬಗಳು ಎಂಟು ಹತ್ತು ವರ್ಷದ ಮಕ್ಕಳನ್ನೂ ಕೆಲಸಕ್ಕೆ ಕಳುಹಿಸುತ್ತಿದ್ದವು. ಬೆಟ್ಟದ ಕಣಿವೆಗಳಿಂದ ಬಂದ ಪುಟ್ಟ ಹುಡುಗರು ಶ್ರೀಮಂತರ ಮನೆಗಳ ಹೊಗೆಗೂಡುಗಳೊಳಗೆ ಇಳಿದು ಮಸಿ ಕೆರೆಯುತ್ತಿದ್ದರು. ದೊಡ್ಡವರ ಮೈ ಆ ಇಕ್ಕಟ್ಟಿನಲ್ಲಿ ತೂರದು, ಆದುದರಿಂದ ಸಣ್ಣ ಮೈಗೇ ಬೇಡಿಕೆ. ಕೆಲಸವಿಲ್ಲದ ದಿನ ಇವರೆಲ್ಲ ಪೋರ್ತಾ ಪಲಾತ್ಸೊ ಮಾರುಕಟ್ಟೆಯ ಸುತ್ತಮುತ್ತ ಜೂಜಾಡುತ್ತ, ಹೊಡೆದಾಡುತ್ತ, ಕೈಗೆ ಸಿಕ್ಕುದನ್ನು ಕದಿಯುತ್ತ ಕಾಲ ಕಳೆಯುತ್ತಿದ್ದರು. ಊರಿನ ಇಗರ್ಜಿಯಿಂದ ದೂರವಾದ, ನಗರದ ಯಾವ ಇಗರ್ಜಿಗೂ ಸೇರದ ಈ ಮಕ್ಕಳಿಗೆ ಪಾಲನಾ ಗುರು ಎಂಬವರೇ ಇರಲಿಲ್ಲ.

ವಂ. ಕಫಾಸೊ ಈ ತರುಣ ಗುರುವನ್ನು ಮೊದಲು ಕರೆದೊಯ್ದುದು ಸೆರೆಮನೆಗೆ. ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನ, ಮೈಕಟ್ಟು ಗಟ್ಟಿಯಾಗಿರುವ, ಬುದ್ಧಿ ಚುರುಕಾಗಿರುವ ಹುಡುಗರು ಅಲ್ಲಿ ಹೇನು ಕಚ್ಚಿಸಿಕೊಳ್ಳುತ್ತ, ರೊಟ್ಟಿಗೂ ಪ್ರಾರ್ಥನೆಗೂ ಹಸಿದು, ಪಳಗಿದ ಅಪರಾಧಿಗಳ ಜೊತೆ ಬಿದ್ದಿದ್ದರು. ಅದಕ್ಕಿಂತಲೂ ಅವರ ಮನಸ್ಸನ್ನು ಕಲಕಿದ ಸಂಗತಿ ಬೇರೊಂದಿತ್ತು. ಶಿಕ್ಷೆ ಮುಗಿಸಿ, ಇನ್ನು ಒಳ್ಳೆಯವರಾಗಿ ಬಾಳುವೆವೆಂದು ಮನಃಪೂರ್ವಕವಾಗಿ ಹೇಳಿ ಹೊರಟ ಹುಡುಗರೇ ಕೆಲವು ದಿನಗಳಲ್ಲಿ ಮತ್ತೆ ಅದೇ ಬಾಗಿಲೊಳಗೆ ಕಾಣಿಸಿಕೊಳ್ಳುತ್ತಿದ್ದರು. ಹೊರಗೆ ಅವರನ್ನು ವಿಚಾರಿಸುವ ಒಬ್ಬನೇ ಒಬ್ಬ ಮಿತ್ರನೂ ಇಲ್ಲದಿರುವುದೇ ಇದಕ್ಕೆ ಕಾರಣ ಎಂದು ಡಾನ್ ಬೋಸ್ಕೊ ಕಂಡುಕೊಂಡರು. ಮುಂದೆ ಅವರು ಶಿಕ್ಷಿಸುವ ಪದ್ಧತಿಗೆ ಬದಲು ತಪ್ಪಾಗದಂತೆ ಮೊದಲೇ ತಡೆಯುವ ಪದ್ಧತಿಯನ್ನು ಪ್ರತಿಪಾದಿಸಿದರು. ವಿವೇಕ, ಧರ್ಮ, ಮಮತೆ ಎಂಬ ಮೂರನ್ನು ಆಧರಿಸಿದ ಆ ಪದ್ಧತಿಯ ವಿವರಣೆಯನ್ನು 1877ರಲ್ಲಿ ಲಿಖಿತವಾಗಿ ಪ್ರಕಟಿಸಿದರು. ಆದರೆ ಅದರ ಬೀಜ ಬಿದ್ದುದು ಟೂರಿನ್‌ನ ಜೈಲಿನಲ್ಲಿ.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಅಸಿಸಿಯ ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ ಡಾನ್ ಬೋಸ್ಕೊ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಪೂಜಾವಸ್ತ್ರಗಳ ಕೊಠಡಿಯ ಮೂಲೆಯಲ್ಲಿ ಹರಕು ಬಟ್ಟೆಯ ಹುಡುಗನೊಬ್ಬ, ಪ್ರಾಯಶಃ ಚಳಿ ತಾಳದೆ, ನಿಂತಿದ್ದ. ಪೂಜೆಗೆ ಸಹಾಯ ಮಾಡೆಂದು ಇಗರ್ಜಿಯ ಪರಿಚಾರಕ ಕೇಳಿದಾಗ ತನಗೆ ತಿಳಿಯದೆಂದ. ಪರಿಚಾರಕ ಧೂಳು ಹೊಡೆಯುವ ಕೋಲಿನಿಂದಲೇ ಅವನನ್ನು ಬಡಿದು ಅಟ್ಟಿದ. ಡಾನ್ ಬೋಸ್ಕೊ ಆ ಹುಡುಗ ತಮ್ಮ ಮಿತ್ರನೆಂದು ಹೇಳಿ ಮರಳಿ ಕರೆಸಿದರು. ಪೂಜೆಯ ಬಳಿಕ ಮಾತನಾಡಿಸಿದಾಗ ತಿಳಿದುದಿಷ್ಟು: ಹೆಸರು ಬಾರ್ತೊಲೊಮಿಯೊ ಗರೆಲ್ಲಿ, ಊರು ಆಸ್ತಿ, ವಯಸ್ಸು ಹದಿನಾರು, ಗಾರೆ ಕೆಲಸ, ತಂದೆತಾಯಿ ಇಬ್ಬರೂ ಇಲ್ಲ, ಓದಲು ಬಾರದು, ಬರೆಯಲು ಬಾರದು, ಹಾಡಲೂ ಬಾರದು. ಎಲ್ಲಕ್ಕೂ ಇಲ್ಲ ಎನ್ನಬೇಕಾಗಿ ಬಂದ ಹುಡುಗನನ್ನು ಕೊನೆಗೆ ಸಿಳ್ಳೆ ಹಾಕಲು ಬರುವುದೇ ಎಂದು ಕೇಳಿದರಂತೆ. ಆಗ ಮೊದಲ ಬಾರಿಗೆ ಅವನ ಮುಖದಲ್ಲಿ ನಗು ಕಾಣಿಸಿತು. ಅಂದು ಒಂದು ನಮೋ ಮರಿಯ ಪ್ರಾರ್ಥನೆಯೊಂದಿಗೆ ಆರಂಭವಾದ ಪಾಠಕ್ಕೆ ಮುಂದಿನ ಭಾನುವಾರ ಗರೆಲ್ಲಿ ಇನ್ನಷ್ಟು ಹುಡುಗರನ್ನು ಕರೆತಂದ. ಡಾನ್ ಬೋಸ್ಕೊ ತಮ್ಮ ಸೇವೆಯ ಹುಟ್ಟುದಿನವೆಂದು ಎಣಿಸಿದ್ದು ಇದನ್ನೇ. ನ್ಯಾಯಕ್ಕಾಗಿ ಇಲ್ಲಿ ಒಂದು ಮಾತು ಹೇಳಬೇಕು. ಟೂರಿನ್‌ನ ಬೀದಿ ಹುಡುಗರನ್ನು ಒಟ್ಟುಗೂಡಿಸಿದವರಲ್ಲಿ ಅವರೇ ಮೊದಲಿಗರಲ್ಲ. ವಂ. ಜಾನ್ ಕೊಕ್ಕಿ ಎಂಬ ಗುರು 1840ರಲ್ಲಿಯೇ ನಗರದ ಅತಿ ಬಡ ಕೇರಿಯಲ್ಲಿ ಅಂತಹ ಕೂಟವನ್ನು ಆರಂಭಿಸಿದ್ದರು.

ಹುಡುಗರ ಸಂಖ್ಯೆ ನೂರು ದಾಟಿತು, ಇನ್ನೂರು ದಾಟಿತು. ಜೊತೆಗೆ ದೂರುಗಳೂ ಬೆಳೆದವು. ಗದ್ದಲ ತಾಳಲಾರದ ನೆರೆಹೊರೆಯವರು ಅವರನ್ನು ಒಂದೊಂದು ಜಾಗದಿಂದಲೂ ಎಬ್ಬಿಸಿದರು. ಸ್ಮಶಾನದ ಪಕ್ಕದ ಪ್ರಾರ್ಥನಾಲಯ, ಹಿಟ್ಟಿನ ಗಿರಣಿಗಳ ಬಳಿಯ ಇಗರ್ಜಿ, ಬಾಡಿಗೆಯ ಮೂರು ಕೋಣೆ, ಕೊನೆಗೆ ಬಯಲು ಹುಲ್ಲುಗಾವಲು. ನಗರದ ಆಡಳಿತ ಮತ್ತು ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ಮಾರ್ಕ್ವಿಸ್ ಮಿಕೆಲೆ ಕಾವೂರ್ ಅವರಿಗೆ ಇಷ್ಟೊಂದು ಪೋಕರಿಗಳು ಒಂದೆಡೆ ಸೇರುವುದು ದಂಗೆಯ ಮುನ್ಸೂಚನೆಯಾಗಿ ಕಂಡಿತು. ಅವರು ಕೂಟವನ್ನು ಮುಚ್ಚಿಸಲು ಹೊರಟಾಗ ರಾಜ ಚಾರ್ಲ್ಸ್ ಆಲ್ಬರ್ಟ್ ಅವರೇ ತಡೆದರು. ಈ ಗುರುವಿಗೆ ಬುದ್ಧಿ ಕೆಟ್ಟಿದೆಯೆಂದು ಸಹ ಗುರುಗಳೇ ಕೆಲವರು ಮಾತನಾಡಿಕೊಂಡರು. 1846ರ ಏಪ್ರಿಲ್ 12ರ ಪಾಸ್ಕ ಹಬ್ಬದಂದು ವಾಲ್ಡೊಕೊ ಎಂಬಲ್ಲಿ, ಪಿನಾರ್ದಿ ಎಂಬವರ ತಗ್ಗು ಛಾವಣಿಯ ಕೊಟ್ಟಿಗೆಯೊಂದು ಕೊನೆಗೂ ಅವರಿಗೆ ನೆಲೆಯಾಯಿತು. ಅದೇ ಬೇಸಗೆಯಲ್ಲಿ ಅತಿಶ್ರಮದಿಂದ ಅವರು ಸಾವಿನಂಚಿಗೆ ಹೋಗಿ ಬಂದರು.

ಚೇತರಿಸಿಕೊಂಡು ಮರಳುವಾಗ, ನವೆಂಬರ್ 3ರಂದು, ತಾಯಿಯೂ ಜೊತೆಗೆ ಬಂದರು. ಐವತ್ತೆಂಟು ವರ್ಷದ ಮಾರ್ಗರೀತಮ್ಮ ಒಂದು ಬುಟ್ಟಿ ಹಿಡಿದು ಬೆಕ್ಕಿಯಿಂದ ಟೂರಿನ್‌ಗೆ ಮಗನೊಡನೆ ನಡೆದೇ ಬಂದರು. ಮದುವೆಗೆ ತಂದ ವಸ್ತ್ರಗಳಲ್ಲಿ ಕೆಲವು ಪೂಜಾಪೀಠದ ಹಾಸುಗಳಾದವು, ಉಳಿದವು ಮಾರಾಟವಾಗಿ ಹುಡುಗರ ರೊಟ್ಟಿಯಾದವು. ರಾತ್ರಿ ಮಲಗಲು ತಾವಿಲ್ಲದ ಕೆಲವರನ್ನು ಹುಲ್ಲಿನ ಅಟ್ಟದಲ್ಲಿ ಮಲಗಿಸಿದಾಗ ಬೆಳಗಾಗುವಷ್ಟರಲ್ಲಿ ಅವರು ಹೊದಿಕೆಗಳೊಡನೆ ಮಾಯವಾಗಿದ್ದರು. ಒಮ್ಮೆಯಲ್ಲ, ಹಲವು ಸಲ. 1847ರ ಮೇ ತಿಂಗಳ ಒಂದು ಮಳೆಯ ಸಂಜೆ, ಸುಮಾರು ಹದಿನೈದರ ಹುಡುಗನೊಬ್ಬ ಪೂರ್ತಿ ನೆನೆದು ಬಾಗಿಲಿಗೆ ಬಂದ. ವಾಲ್ಸೇಸಿಯ ಕಣಿವೆಯ ಅನಾಥ, ಗಾರೆ ಕೆಲಸದವನು. ಊರಿನಿಂದ ತಂದಿದ್ದ ಮೂರು ಲಿರಾ ಖರ್ಚಾಗಿ ಕೆಲಸ ಸಿಕ್ಕಿರಲಿಲ್ಲ. ಹೊದಿಕೆಗಳು ಹೋದ ನೆನಪಿದ್ದರೂ ಮಾರ್ಗರೀತಮ್ಮ ಅವನನ್ನು ಒಲೆಯ ಮುಂದೆ ಕೂರಿಸಿ ಬಟ್ಟೆ ಒಣಗಿಸಿದರು, ಊಟ ಕೊಟ್ಟರು, ಅಡುಗೆಮನೆಯಲ್ಲಿ ಇಟ್ಟಿಗೆಗಳ ಮೇಲೆ ಹಲಗೆ ಜೋಡಿಸಿ ಹಾಸಿಗೆ ಮಾಡಿದರು. ಮಲಗುವ ಮುನ್ನ ಪ್ರಾರ್ಥನೆ ಹೇಳಿಸಿ, ದುಡಿಮೆಯ ಮತ್ತು ಪ್ರಾಮಾಣಿಕತೆಯ ವಿಷಯವಾಗಿ ನಾಲ್ಕು ಮಾತು ಆಡಿದರು. ಸಲೇಸಿಯನ್ ಮನೆಗಳಲ್ಲೆಲ್ಲ ರಾತ್ರಿ ಪ್ರಾರ್ಥನೆಯ ಬಳಿಕ ಇಂದಿಗೂ ಹೇಳುವ ಕಿರು ಹಿತವಚನಕ್ಕೆ ಈ ಅಡುಗೆಮನೆಯ ಮಾತೇ ಮೂಲ. ಆ ವಾಸದ ಮನೆಗೆ ಅವನೇ ಪ್ರಥಮ ನಿವಾಸಿ.

ಇಷ್ಟರಲ್ಲಿ 1848 ಬಂದಿತು. ಯೂರೋಪಿನ ಸಿಂಹಾಸನಗಳೆಲ್ಲ ಅಲುಗಿದ ವರ್ಷ ಅದು. ಪ್ರಜೆಗಳಿಗೆ ಸಂವಿಧಾನ ನೀಡುವುದಾಗಿ ರಾಜ ಚಾರ್ಲ್ಸ್ ಆಲ್ಬರ್ಟ್ ಫೆಬ್ರವರಿ 8ರಂದು ಘೋಷಿಸಿದರು. ಅದರಲ್ಲಿ ಪತ್ರಿಕಾ ಸ್ವಾತಂತ್ರ್ಯ, ಚುನಾಯಿತ ಸಭೆ, ಕಾನೂನಿನ ಮುಂದೆ ಸಮಾನತೆ ಇದ್ದವು. ಶತಮಾನಗಳಿಂದ ಹಕ್ಕುಗಳಿಲ್ಲದೆ ಬಾಳಿದ್ದ ವಾಲ್ಡೆನ್ಸಿಯನ್ ಪ್ರೊಟೆಸ್ಟಂಟರಿಗೂ ಯಹೂದಿಗಳಿಗೂ ಆ ವಸಂತದಲ್ಲಿ ನಾಗರಿಕ ಹಕ್ಕುಗಳು ದೊರೆತವು. ಇದು ಚಿಕ್ಕ ಸಂಗತಿಯೇನಲ್ಲ. ಫೆಬ್ರವರಿ 27ರಂದು ಟೂರಿನ್‌ನಲ್ಲಿ ಸ್ವಾತಂತ್ರ್ಯದ ಮಹೋತ್ಸವ ಏರ್ಪಾಡಾಯಿತು. ಹತ್ತಾರು ಸಾವಿರ ಜನ ಬಾವುಟ, ಪದಕ, ಗೀತೆಗಳೊಂದಿಗೆ ಸಾಲುಗಟ್ಟಿ ನಡೆಯುವುದೆಂದೂ ನಗರದ ಎಲ್ಲ ಶಾಲೆಗಳೂ ಸಂಸ್ಥೆಗಳೂ ಭಾಗವಹಿಸುವುದೆಂದೂ ನಿಶ್ಚಯವಾಯಿತು. ಉತ್ಸವದ ಸೂತ್ರಧಾರರಾದ ಮಾರ್ಕ್ವಿಸ್ ರಾಬರ್ಟೊ ದ'ಅಜೇಲಿಯೊ ಅವರು ಡಾನ್ ಬೋಸ್ಕೊ ಅವರ ಹುಡುಗರಿಗೂ ವಿಟ್ಟೋರಿಯೊ ಚೌಕದಲ್ಲಿ ಸ್ಥಳ ಕಾದಿರಿಸಿ ಆಹ್ವಾನ ನೀಡಿದರು. ಆ ಕಾಲದಲ್ಲಿ ಇದು ಸಣ್ಣ ಗೌರವವಲ್ಲ. ನಿನ್ನೆಯವರೆಗೆ ಪೊಲೀಸರು ಅಟ್ಟುತ್ತಿದ್ದ ಹುಡುಗರಿಗೆ ರಾಜನ ಕಣ್ಣೆದುರು ನಡೆಯುವ ಅವಕಾಶ.

ಡಾನ್ ಬೋಸ್ಕೊ ಒಪ್ಪಲಿಲ್ಲ. ತಮ್ಮದು ಬಡ ಹುಡುಗರಿಗೆ ಒಳಿತು ಮಾಡುವ ಕೆಲಸ ಮಾತ್ರ, ಯಾವ ರಾಜಕೀಯ ಪ್ರದರ್ಶನದಲ್ಲೂ ತಾವು ಪಾಲ್ಗೊಳ್ಳಲಾರೆವು ಎಂದು ವಿನಯದಿಂದ ತಿಳಿಸಿದರು. ಮಾರ್ಕ್ವಿಸರು ಸಜ್ಜನರು, ಅವರ ಕೆಲಸವನ್ನು ಶ್ಲಾಘಿಸುತ್ತಿದ್ದವರು. ಕಾಲ ಬದಲಾಗಿದೆ, ಬೇರೆಲ್ಲರಂತೆ ನೀವೂ ಬನ್ನಿರೆಂದು ಮನವೊಲಿಸಲು ಯತ್ನಿಸಿದರು. ಉತ್ತರ ಬದಲಾಗಲಿಲ್ಲ. ಅಂದಿನಿಂದ ಆ ಸ್ನೇಹ ಕೊನೆಗೊಂಡಿತು. ನಗರದ ಎಲ್ಲ ಸಂಸ್ಥೆಗಳೂ ಸಾಲಿನಲ್ಲಿ ನಡೆದ ಆ ಭಾನುವಾರ ವಾಲ್ಡೊಕೊ ಹುಡುಗರಿಗೆ ಕಾದಿರಿಸಿದ್ದ ಜಾಗ ಖಾಲಿ ಉಳಿಯಿತು.

ಈ ನಿರಾಕರಣೆಯನ್ನು ಹೇಗೆ ತಿಳಿಯಬೇಕು? ಅವರು ಹಳೆಯ ಕಾಲದ ಗುರು, ಹೊಸ ಗಾಳಿಗೆ ಹೆದರಿದರು ಎಂದು ಹೇಳುವವರಿದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ವಾಲ್ಡೆನ್ಸಿಯನ್ನರಿಗೆ ಸಿಕ್ಕ ಹಕ್ಕನ್ನು ಅವರು ಹರ್ಷದಿಂದ ಸ್ವಾಗತಿಸಲಿಲ್ಲ, ಅವರ ಬೋಧನೆಗಳ ವಿರುದ್ಧ ಖಾರವಾಗಿ ಬರೆದರು. ಇಂದಿನ ಧರ್ಮಸಭೆ ಹಾಗೆ ಮಾತನಾಡುವುದಿಲ್ಲ. ಆದರೆ ಬೀದಿಯ ಹುಡುಗರ ವಿಷಯದಲ್ಲಿ ಅವರ ಕಣ್ಣು ಅಂದಿನ ಅನೇಕ ದೇಶಭಕ್ತರಿಗಿಂತ ತೀಕ್ಷ್ಣವಾಗಿತ್ತೆಂದೇ ನನ್ನ ಎಣಿಕೆ. ಮಾರ್ಚ್ 4ರಂದು ರಾಜನ ಸಹಿ ಬಿದ್ದ ಸಂವಿಧಾನದ ಅಡಿಯಲ್ಲಿ ಮತದಾನದ ಹಕ್ಕು ದೊರೆತುದು ತೆರಿಗೆ ಕಟ್ಟುವ, ಅಕ್ಷರ ಬಲ್ಲ ಗಂಡಸರಿಗೆ ಮಾತ್ರ, ಅಂದರೆ ಜನಸಂಖ್ಯೆಯ ನೂರರಲ್ಲಿ ಸುಮಾರು ಇಬ್ಬರಿಗೆ. ಗಾರೆ ಹೊರುವ ಹತ್ತು ವರ್ಷದ ಬಾಲಕನಿಗೆ ಎಷ್ಟು ಗಂಟೆ ದುಡಿಮೆ, ಎಷ್ಟು ಕೂಲಿ, ಮೇಸ್ತ್ರಿ ಹೊಡೆದರೆ ಯಾರಲ್ಲಿ ದೂರಬೇಕು ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಉತ್ಸವದ ಬೆನ್ನಿಗೇ ಆಸ್ಟ್ರಿಯದ ವಿರುದ್ಧ ಯುದ್ಧ ಹೂಡಲಾಯಿತು. ಹುಡುಗರಿಗೆ ಯುದ್ಧವೆಂದರೆ ಹುಚ್ಚು. ಕೇರಿಕೇರಿಗಳ ಗುಂಪುಗಳು ಬಯಲಿನಲ್ಲಿ ಕಲ್ಲು, ಚಾಕು ಹಿಡಿದು ಕಾದಾಡತೊಡಗಿದವು. ಅವರ ಮಧ್ಯೆ ನುಗ್ಗಿ ಬಿಡಿಸಲು ಹೋದ ಡಾನ್ ಬೋಸ್ಕೊ ಪೆಟ್ಟು ತಿಂದರು. ಸಹಾಯಕರಾಗಿದ್ದ ಗುರುಗಳಲ್ಲಿ ಕೆಲವರು ರಾಜಕೀಯದ ಬಿಸಿಯಲ್ಲಿ ದೂರವಾಗಿ, ದೊಡ್ಡ ಹುಡುಗರನ್ನೂ ಜೊತೆಗೆ ಸೆಳೆದುಕೊಂಡರು. ಹಲವು ಭಾನುವಾರ ಅವರು ಬಹುಮಟ್ಟಿಗೆ ಒಬ್ಬಂಟಿಯಾಗಿಯೇ ನೂರಾರು ಹುಡುಗರನ್ನು ನೋಡಿಕೊಂಡರು. ಮೇಲೆ ಹೇಳಿದ ವಂ. ಕೊಕ್ಕಿ ಅವರಂತೂ 1849ರ ಮಾರ್ಚಿನಲ್ಲಿ ತಮ್ಮ ಕೂಟದ ಯುವಕರನ್ನು ಕಟ್ಟಿಕೊಂಡು ನೊವಾರಾದ ರಣರಂಗದ ಕಡೆಗೇ ಹೊರಟರು. ಪೀಡ್‌ಮಾಂಟ್ ಸೋತಿತು, ಹುಡುಗರು ದಣಿದು ಹಸಿದು ಮರಳಿದರು, ಕೂಟ ಮುಚ್ಚಿತು. ಅದನ್ನು ಮತ್ತೆ ತೆರೆದು ನಡೆಸಿದವರು ಡಾನ್ ಬೋಸ್ಕೊ.

ಯುದ್ಧದ ಹುಚ್ಚನ್ನು ಅವರು ನಿಷೇಧಿಸಲಿಲ್ಲ, ಆಟವಾಗಿಸಿದರು. ಸೈನ್ಯದಲ್ಲಿದ್ದು ಬಂದ ಯುವಕನೊಬ್ಬ ಹುಡುಗರಿಗೆ ಮರದ ಕೋವಿ ಹಿಡಿಸಿ ಕವಾಯತು ಕಲಿಸಿದ. ಒಮ್ಮೆ ಈ ಪಡೆ ಗೆಲುವಿನ ಭರದಲ್ಲಿ ಮಾರ್ಗರೀತಮ್ಮನ ತರಕಾರಿ ಮಡಿಗಳನ್ನೆಲ್ಲ ತುಳಿದು ಹಾಕಿತು. ವರ್ಷಗಳ ದಣಿವೆಲ್ಲ ಅಂದು ಒಟ್ಟಾಗಿ ಉಕ್ಕಿ ಬಂದು, ಇನ್ನು ತನ್ನಿಂದಾಗದು, ಊರಿಗೆ ಹೋಗುತ್ತೇನೆಂದು ಆ ತಾಯಿ ಹೇಳಿದರು. ಮಗ ಮರುಮಾತಾಡದೆ ಗೋಡೆಯ ಶಿಲುಬೆಯತ್ತ ಕೈ ತೋರಿದರು. ಆಕೆ ಮತ್ತೆ ಅಡುಗೆಮನೆಗೆ ಹೋದರು, 1856ರ ನವೆಂಬರಿನಲ್ಲಿ ಕಣ್ಣು ಮುಚ್ಚುವವರೆಗೂ ಅಲ್ಲಿಯೇ ಉಳಿದರು.

ರಾಜನ ಸಂವಿಧಾನ ಹೇಳದೆ ಬಿಟ್ಟುದನ್ನು ಡಾನ್ ಬೋಸ್ಕೊ ಸಣ್ಣ ಪ್ರಮಾಣದಲ್ಲಿ, ಆದರೆ ಬಹಳ ಖಚಿತವಾಗಿ, ಬರೆಯಿಸಿದರು. ಭಾನುವಾರ ಕೂಟಕ್ಕೆ ಬರುವ ಹುಡುಗರನ್ನು ವಾರದ ದಿನಗಳಲ್ಲಿ ಅವರ ಕೆಲಸದ ಜಾಗಗಳಿಗೇ ಹೋಗಿ ಕಾಣುವುದು ಅವರ ಅಭ್ಯಾಸ. ಒಡೆಯರು ಹುಡುಗರನ್ನು ಹೊಡೆಯುವುದನ್ನೂ, ಕಸುಬು ಕಲಿಸುವ ನೆಪದಲ್ಲಿ ಮನೆಯ ಚಾಕರಿ ಮಾಡಿಸುವುದನ್ನೂ ಅಲ್ಲಿ ಕಂಡರು. 1851ರ ನವೆಂಬರಿನಲ್ಲಿ ಗಾಜಿನ ಕೆಲಸದ ಒಬ್ಬ ಒಡೆಯನೊಂದಿಗೆ, 1852ರ ಫೆಬ್ರವರಿ 8ರಂದು ಒಬ್ಬ ಬಡಗಿಯೊಂದಿಗೆ ಅವರು ಮಾಡಿಸಿಕೊಂಡ ಕರಾರು ಪತ್ರಗಳು ಇಂದಿಗೂ ಉಳಿದಿವೆ. ಛಾಪಾ ಕಾಗದದ ಮೇಲೆ ಬರೆದ ಕರಾರಿಗೆ ಒಡೆಯನ ಸಹಿ, ಕಲಿಯುವ ಹುಡುಗನ ಸಹಿ, ಹೊಣೆಗಾರರ ಸಹಿ, ಡಾನ್ ಬೋಸ್ಕೊ ಅವರ ಸಹಿ. ಒಡೆಯನು ತನ್ನ ಕಸುಬನ್ನು ನಿಗದಿಯಾದ ಅವಧಿಯೊಳಗೆ ಪೂರ್ತಿಯಾಗಿ ಕಲಿಸಿಕೊಡಬೇಕು. ಕಸುಬಿಗೆ ಸಂಬಂಧವಿಲ್ಲದ ಕೆಲಸ ಹೇಳಬಾರದು. ತಪ್ಪಿದರೆ ಬಾಯಿಮಾತಿನಿಂದ ತಿದ್ದಬೇಕು, ಕೈ ಎತ್ತಬಾರದು. ಭಾನುವಾರ ಮತ್ತು ಹಬ್ಬಗಳಂದು ಬಿಡುವು ಕೊಡಬೇಕು. ವರ್ಷಕ್ಕೆ ಹದಿನೈದು ದಿನ ರಜೆ ಕೊಡಬೇಕು. ಕಲಿತಂತೆಲ್ಲ ಕೂಲಿ ಏರಬೇಕು. ಹುಡುಗನೂ ವಿಧೇಯನಾಗಿ, ಶ್ರದ್ಧೆಯಿಂದ ದುಡಿಯಬೇಕು. ಕಾರ್ಮಿಕ ಕಾನೂನು ಎಂಬ ಶಬ್ದವೇ ಅಪರಿಚಿತವಾಗಿದ್ದ ಕಾಲದಲ್ಲಿ, ಅಕ್ಷರ ಕಲಿತ ಹೊಸದರಲ್ಲಿ, ನಾಲ್ಕು ಸಹಿಗಳಲ್ಲಿ ಒಂದು ತನ್ನದೆಂದು ಕಂಡ ಬಾಲಕನ ಮನಸ್ಸು ಹೇಗಿದ್ದೀತು! ಸಂತರ ಚಿತ್ರಪಟಗಳಲ್ಲಿ ಜಪಸರ, ಲಿಲ್ಲಿ ಹೂ, ಪುಸ್ತಕ ಕಾಣುತ್ತವೆ. ಡಾನ್ ಬೋಸ್ಕೊ ಅವರ ಪಟದಲ್ಲಿ ಈ ಛಾಪಾ ಕಾಗದವನ್ನೂ ಬರೆಯಬೇಕಿತ್ತು.

ಕಾಗದವೊಂದೇ ಸಾಲದೆಂದೂ ಅವರು ಅರಿತಿದ್ದರು. ದುಡಿಮೆಯ ಬಳಿಕ ಕಲಿಯಲು ರಾತ್ರಿ ಶಾಲೆಗಳನ್ನು ನಡೆಸಿದರು. ರಾಜ್ಯದಲ್ಲಿ 1850ರಿಂದ ಹೊಸ ಮೆಟ್ರಿಕ್ ಅಳತೆ ಜಾರಿಗೆ ಬರುವಾಗ ಅಂಗಡಿಗಳಲ್ಲಿ ಬಡವರು ಮೋಸಹೋಗಬಾರದೆಂದು ಸರಳ ಕೈಪಿಡಿಯೊಂದನ್ನು ಬರೆದು, ಅದೇ ವಿಷಯದ ಪ್ರಹಸನವನ್ನೂ ಹುಡುಗರಿಂದ ಆಡಿಸಿದರು. 1850ರ ಜುಲೈಯಲ್ಲಿ ದುಡಿಯುವ ಹುಡುಗರದೇ ಪರಸ್ಪರ ಸಹಾಯ ಸಂಘ ಆರಂಭವಾಯಿತು. ಪ್ರತಿ ಭಾನುವಾರ ಒಂದು ಕಾಸು ಕಟ್ಟಿದವನಿಗೆ ಕಾಯಿಲೆಯ ದಿನಗಳಲ್ಲಿ ದಿನಕ್ಕೆ ಐವತ್ತು ಚೆಂತೆಸಿಮೊ ನೆರವು. ಹೊರಗಿನ ಕಾರ್ಖಾನೆಗಳ ವಾತಾವರಣ ಸರಿಯಿಲ್ಲವೆಂದು 1853ರಲ್ಲಿ ವಾಲ್ಡೊಕೊದಲ್ಲಿಯೇ ಚಮ್ಮಾರಿಕೆ ಮತ್ತು ಹೊಲಿಗೆಯ ಕಾರ್ಯಾಗಾರಗಳನ್ನು ತೆರೆದರು. ಪುಸ್ತಕ ಕಟ್ಟುವುದು, ಬಡಗಿ ಕೆಲಸ, ಮುದ್ರಣ, ಕಮ್ಮಾರಿಕೆ ಒಂದೊಂದಾಗಿ ಸೇರಿದವು. 1854ರ ಬೇಸಗೆಯಲ್ಲಿ ಟೂರಿನ್‌ಗೆ ಕಾಲರಾ ಬಂದು ಬಂಧುಗಳೇ ರೋಗಿಗಳನ್ನು ಬಿಟ್ಟು ಓಡುತ್ತಿದ್ದಾಗ, ಮೊದಲು ಹದಿನಾಲ್ಕು, ಬಳಿಕ ಇನ್ನೂ ಮೂವತ್ತು ಹುಡುಗರು ಶುಶ್ರೂಷೆಗೆ ಹೊರಟರು. ಮಾರ್ಗರೀತಮ್ಮ ಹಾಸು ಹೊದಿಕೆಗಳನ್ನೆಲ್ಲ ಕೊಟ್ಟುಬಿಟ್ಟರು. ಆ ಹುಡುಗರಲ್ಲಿ ಒಬ್ಬನಿಗೂ ರೋಗ ತಗಲಲಿಲ್ಲ. ನಗರದ ಜನ ಯಾರನ್ನು ಕಳ್ಳರೆಂದು ಕರೆದಿದ್ದರೋ ಅವರೇ ಆ ಮನೆಗಳ ಬಾಗಿಲು ತಟ್ಟಿದರು.

ಉತ್ಸವಕ್ಕೆ ಹೋಗದ ಗುರು ಹೊಸ ಸ್ವಾತಂತ್ರ್ಯದ ಕಾನೂನನ್ನು ಬಳಸಿಕೊಳ್ಳಲು ಹಿಂಜರಿಯಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. 1855ರಲ್ಲಿ ಸರ್ಕಾರ ಅನೇಕ ಧಾರ್ಮಿಕ ಸಭೆಗಳನ್ನು ರದ್ದುಗೊಳಿಸಿತು. ಆ ಕಾನೂನಿನ ಹಿಂದಿದ್ದ ಸಚಿವ ಉರ್ಬಾನೊ ರತ್ತಾಜ್ಜಿ ಅವರೇ 1857ರಲ್ಲಿ ಡಾನ್ ಬೋಸ್ಕೊ ಅವರಿಗೆ ದಾರಿ ತೋರಿದರು: ಸದಸ್ಯರೆಲ್ಲ ತಮ್ಮ ನಾಗರಿಕ ಹಕ್ಕುಗಳನ್ನು ಉಳಿಸಿಕೊಂಡು, ತೆರಿಗೆ ಕಟ್ಟುತ್ತ, ಸ್ವತಂತ್ರ ನಾಗರಿಕರ ಸಂಘವಾಗಿ ಒಂದಾದರೆ ಯಾವ ಕಾನೂನೂ ಅಡ್ಡಬಾರದು. 1859ರ ಡಿಸೆಂಬರ್ 18ರ ರಾತ್ರಿ ಡಾನ್ ಬೋಸ್ಕೊ ಅವರ ಕೋಣೆಯಲ್ಲಿ ಸೇರಿದ ಹದಿನೆಂಟು ಮಂದಿಯಿಂದ ಸಲೇಸಿಯನ್ ಸಭೆ ಹುಟ್ಟಿತು. ಅವರಲ್ಲಿ ಬಹುತೇಕರು ಅವರ ಕೈಯಲ್ಲೇ ಬೆಳೆದ ಹುಡುಗರು.

1861ರ ಮಾರ್ಚ್ 17ರಂದು ಟೂರಿನ್‌ನಲ್ಲಿಯೇ ಇಟಲಿ ಒಂದು ರಾಜ್ಯವೆಂದು ಘೋಷಿತವಾಯಿತು. ಮತ್ತೆ ತೋರಣ, ಮತ್ತೆ ಬಾವುಟ. ಆ ಹೊಸ ರಾಷ್ಟ್ರದಲ್ಲಿ ನಾಲ್ವರಲ್ಲಿ ಮೂವರಿಗೆ ಓದಲು ಬರುತ್ತಿರಲಿಲ್ಲ. ಸಿಸಿಲಿಯ ಗಂಧಕದ ಗಣಿಗಳಲ್ಲಿ ಸಣ್ಣ ಹುಡುಗರು ಅದಿರು ಹೊತ್ತು ಬೆನ್ನು ಬಾಗಿಸಿಕೊಳ್ಳುತ್ತಿದ್ದರು. ದಕ್ಷಿಣದ ಹಳ್ಳಿಗಳ ಮಕ್ಕಳನ್ನು ದಲ್ಲಾಳಿಗಳು ಹಣ ಕೊಟ್ಟು ಕೊಂಡೊಯ್ದು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಬೀದಿಗಳಲ್ಲಿ ವಾದ್ಯ ನುಡಿಸಿ ಬೇಡಲು ಹಚ್ಚುತ್ತಿದ್ದರು. ಇದನ್ನು ನಿಷೇಧಿಸುವ ಕಾನೂನು ಬರಲು 1873ರವರೆಗೆ ಕಾಯಬೇಕಾಯಿತು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸಬಾರದೆಂಬ ಕಾನೂನು ಬಂದುದು 1886ರಲ್ಲಿ, ರಾಷ್ಟ್ರ ಒಂದಾಗಿ ಇಪ್ಪತ್ತೈದು ವರ್ಷಗಳಾದ ಬಳಿಕ. ಅದೂ ಒಂಬತ್ತು ವರ್ಷ!

ರಾಷ್ಟ್ರ ಘೋಷಣೆಯ ಅದೇ 1861ರಲ್ಲಿ ಡಾನ್ ಬೋಸ್ಕೊ ಒಂದು ಕಿರು ಜೀವನಚರಿತ್ರೆ ಪ್ರಕಟಿಸಿದರು. ಅದು ರಾಜನದಲ್ಲ, ಸೇನಾನಿಯದೂ ಅಲ್ಲ, ಮೈಕೆಲ್ ಮಗೋನೆ ಎಂಬ ಬೀದಿ ಹುಡುಗನದು. 1857ರ ಶರತ್ಕಾಲದ ಒಂದು ಸಂಜೆ ಕಾರ್ಮಗ್ನೋಲ ರೈಲು ನಿಲ್ದಾಣದಲ್ಲಿ ಗಾಡಿಗೆ ಕಾಯುತ್ತಿದ್ದಾಗ, ಮಂಜಿನೊಳಗಿಂದ ಹುಡುಗರ ಗದ್ದಲ ಕೇಳಿಸಿತು. ಎಲ್ಲರ ದನಿಯನ್ನೂ ಮೀರಿ ಒಬ್ಬನ ದನಿ. ಇವರು ಹತ್ತಿರ ಹೋದೊಡನೆ ಉಳಿದವರು ಚದುರಿದರು, ಅವನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತು ಇವರನ್ನೇ ವಿಚಾರಿಸಿದ. ತಂದೆಯಿಲ್ಲದ, ಶಾಲೆಯಿಂದ ಹೊರಬಿದ್ದ, ಆ ಗುಂಪಿನ ಸೇನಾಪತಿ. ಗಾಡಿ ಬರುವ ಕೆಲವು ನಿಮಿಷಗಳಲ್ಲೇ ಅವನ ಭವಿಷ್ಯ ಬದಲಾಯಿತು. ವಾಲ್ಡೊಕೊಗೆ ಬಂದು ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಬಾಳಿ, 1859ರ ಜನವರಿಯಲ್ಲಿ, ಹದಿಮೂರರ ಹರೆಯದಲ್ಲಿ ತೀರಿಕೊಂಡ. ಸಂತ ದೊಮಿನಿಕ್ ಸಾವಿಯೊ ಅವರನ್ನು ಎಲ್ಲರೂ ಬಲ್ಲರು, ಗಲಾಟೆಯ ಮಗೋನೆಯನ್ನು ಬಲ್ಲವರು ಕಡಿಮೆ. ಡಾನ್ ಬೋಸ್ಕೊ ಇಬ್ಬರ ಚರಿತ್ರೆಯನ್ನೂ ಬರೆದರು.

ಮುಂದಿನ ಕಥೆ ವಿಸ್ತಾರದ್ದು. 1872ರಲ್ಲಿ ಸಂತ ಮೇರಿ ಮಜ್ಜರೆಲ್ಲೊ ಅವರೊಡಗೂಡಿ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು, 1875ರಲ್ಲಿ ಅರ್ಜೆಂಟೀನಕ್ಕೆ ಪ್ರಥಮ ಧರ್ಮಪ್ರಚಾರಕರನ್ನು ಕಳುಹಿಸಿದರು. ಹಣಕ್ಕಾಗಿ ಇಟಲಿ, ಫ್ರಾನ್ಸ್, ಸ್ಪೇನುಗಳ ಶ್ರೀಮಂತರ ಬಾಗಿಲು ಬಾಗಿಲು ಅಲೆದು ದೇಹ ಸವೆಯಿತು. 1888ರ ಜನವರಿ 31ರ ಬೆಳಗಿನ ಜಾವ ವಾಲ್ಡೊಕೊದಲ್ಲಿ ಅವರು ದೈವಾಧೀನರಾದರು. 1934ರ ಏಪ್ರಿಲ್ 1ರಂದು, ಪಾಸ್ಕ ಹಬ್ಬದ ದಿನ, ಅವರಿಗೆ ಸಂತ ಪದವಿ ನೀಡಲಾಯಿತು.

ಅವರ ಮಕ್ಕಳು ಭಾರತಕ್ಕೆ ಬಂದುದು 1906ರಲ್ಲಿ, ತಂಜಾವೂರಿಗೆ. ಆಗ ಇದು ಪರತಂತ್ರ ದೇಶ. 1947ರಲ್ಲಿ ಸ್ವಾತಂತ್ರ್ಯ ಬಂದಿತು. 1950ರ ಸಂವಿಧಾನದ 24ನೆಯ ವಿಧಿ ಹದಿನಾಲ್ಕರೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿ, ಅಪಾಯದ ಕೆಲಸಗಳಿಗೆ ಹಚ್ಚುವುದನ್ನು ನಿಷೇಧಿಸಿತು. 1986ರಲ್ಲಿ ಬಾಲಕಾರ್ಮಿಕ ಕಾಯಿದೆ, 2009ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆ ಬಂದವು. ಟೂರಿನ್‌ನ ಸಂವಿಧಾನ ಮರೆತುದನ್ನು ನಮ್ಮದು ಮರೆಯಲಿಲ್ಲ ಎಂದು ನಾವು ಹೆಮ್ಮೆ ಪಡಬಹುದು. ಆದರೂ ಸ್ವಾತಂತ್ರ್ಯದ ಸುವರ್ಣ ಮಹೋತ್ಸವವನ್ನು 1997ರಲ್ಲಿ ಆಚರಿಸಿದ ಬಳಿಕವೂ, 2011ರ ಜನಗಣತಿಯಲ್ಲಿ ಐದರಿಂದ ಹದಿನಾಲ್ಕು ವರ್ಷದೊಳಗಿನ ದುಡಿಯುವ ಮಕ್ಕಳ ಸಂಖ್ಯೆ ಒಂದು ಕೋಟಿಯನ್ನು ಮೀರಿತ್ತು.

1980ರಲ್ಲಿ ಬೆಂಗಳೂರಿನಲ್ಲಿ ದೇವಶಾಸ್ತ್ರ ಅಭ್ಯಾಸ ಮಾಡುತ್ತಿದ್ದ ಸಲೇಸಿಯನ್ ವಿದ್ಯಾರ್ಥಿಗಳು ಬೀದಿಗಳಲ್ಲಿ ಬಾಳುವ ಮಕ್ಕಳನ್ನು ಹುಡುಕಿಕೊಂಡು ಹೋಗಲಾರಂಭಿಸಿದರು. ಚಿಂದಿ ಆಯುವವರು, ರೈಲಿನಲ್ಲಿ ಗುಡಿಸುವವರು, ಮನೆ ಬಿಟ್ಟು ಓಡಿಬಂದವರು. ಆ ಕೆಲಸ ಬೆಳೆದು ಸಂಸ್ಥೆಯಾದಾಗ ಅದಕ್ಕೆ ಇಟ್ಟ ಹೆಸರು ಅಚ್ಚ ಕನ್ನಡದ್ದು: ಬೆಂಗಳೂರು ಓಣಿಯವರ ಸೇವಾ ಕೂಟ. ಇಂಗ್ಲಿಷಿನಲ್ಲಿ ಬರೆದು ಮೊದಲಕ್ಷರಗಳನ್ನು ಜೋಡಿಸಿದರೆ ಬೋಸ್ಕೊ ಎಂದಾಗುತ್ತದೆ. ರೈಲಿನಿಂದ ಒಂಟಿಯಾಗಿ ಇಳಿಯುವ ಮಗುವನ್ನು ದಲ್ಲಾಳಿಗಿಂತ ಮುಂಚೆ ಕಂಡು ಮಾತನಾಡಿಸಲು, ಕಾರ್ಮಗ್ನೋಲದಲ್ಲಿ ಡಾನ್ ಬೋಸ್ಕೊ ನಿಂತಂತೆ, ಕೂಟದ ಕಾರ್ಯಕರ್ತರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಹೋಗಿ ನಿಂತರು.